ಅಳತೆಯ ಪಟ್ಟಿಯೂ ನಮ್ಮ ಹೆಣ್ಣುಮಕ್ಕಳ ಎತ್ತರವೂ

(ಗಿಲ್‌ರಾಯ್‌ನಲ್ಲಿ ಕೂಟದ ಕುಟುಂಬಗಳು ಸೇರಿದ್ದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಗಿಲ್‌ರಾಯ್ ಎಂದೊಡನೆ ಕೊಲ್ಲಿ ಪ್ರದೇಶದ ಕನ್ನಡಿಗರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಬೆಳ್ಳುಳ್ಳಿ. 1979ರಲ್ಲಿ ಆರಂಭವಾದ ಬೆಳ್ಳುಳ್ಳಿ ಉತ್ಸವ ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿತು. ಇನ್ನೊಂದು, 101ನೆಯ ಹೆದ್ದಾರಿಯ ಬದಿಯಲ್ಲಿ 1990ರಲ್ಲಿ ಬಾಗಿಲು ತೆರೆದ ಔಟ್‌ಲೆಟ್ ಮಳಿಗೆಗಳ ಸಾಲು. ತಾಯ್ನಾಡಿನಿಂದ ತಂದೆತಾಯಿ ಬಂದರೆ, ಮಗಳು ಹೊಸ ಕೆಲಸಕ್ಕೆ ಸೇರಿದರೆ, ಊರಿಗೆ ಹೊರಡುವ ಮುನ್ನ ಪೆಟ್ಟಿಗೆ ತುಂಬಬೇಕಾದರೆ, ನಮ್ಮ ಅನೇಕರ ಕಾರುಗಳು ಇತ್ತ ತಿರುಗುತ್ತವೆ. ನಾನು ಇಂದು ಮಾತನಾಡಲು ಹೊರಟಿರುವುದು ಈ ಎರಡನೆಯ ಗಿಲ್‌ರಾಯ್ ಕುರಿತು. ಮೊದಲನೆಯದರ ಪರಿಮಳ ಹೇಗೂ ಕಾರಿನ ಕಿಟಕಿಯಿಂದ ತಾನೇ ಒಳಬರುತ್ತದೆ.

ಆ ಮಳಿಗೆಗಳ ಬಟ್ಟೆ ತೊಟ್ಟು ನೋಡುವ ಕೋಣೆಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಕೋಟಿನ ತೋಳು ಬೆರಳ ತುದಿಗೆ ಬಂದಿರುತ್ತದೆ. ನಡುವಿಗೆ ಕೂರಬೇಕಾದ ಹೊಲಿಗೆ ಪಿರ್ರೆಯ ಮೇಲೆ ಕುಳಿತಿರುತ್ತದೆ. ಪ್ಯಾಂಟು ನೆಲ ಗುಡಿಸುತ್ತಿರುತ್ತದೆ. ಹೊರಬಂದ ಹೆಣ್ಣುಮಗಳು ಹೇಳುವುದು, “ನನಗೆ ಯಾವುದೂ ಹೊಂದುವುದಿಲ್ಲ, ನಾನೇ ಕುಳ್ಳಿ.” ಬಟ್ಟೆ ಅವಳಿಗೆ ಹೊಂದಲಿಲ್ಲ ಎಂದು ಹೇಳಬೇಕಾದ ಕಡೆ, ಬಟ್ಟೆಗೆ ತಾನು ಹೊಂದಲಿಲ್ಲ ಎಂದು ಅವಳು ಹೇಳುತ್ತಿದ್ದಾಳೆ. ಈ ವಾಕ್ಯದಲ್ಲಿ ಅಪರಾಧಿಯ ಸ್ಥಾನದಲ್ಲಿ ನಿಂತವರು ಬದಲಾಗಬೇಕು ಎಂಬುದೇ ನನ್ನ ವಾದ. ಅದಕ್ಕೆ ಈ ಸಿದ್ಧ ಉಡುಪಿನ ಅಳತೆ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡಬೇಕು.

ಅಮೆರಿಕದಲ್ಲಿ ಅಂಚೆಯ ಮೂಲಕ ಸಿದ್ಧ ಉಡುಪು ಮಾರುತ್ತಿದ್ದ ಕಂಪೆನಿಗಳಿಗೆ, ಅಳತೆ ಸರಿಹೋಗದೆ ಹಿಂದಿರುಗುವ ಬಟ್ಟೆಗಳದೇ ದೊಡ್ಡ ನಷ್ಟವಾಗಿತ್ತು. ಈ ತೊಂದರೆಗೆ ಪರಿಹಾರ ಹುಡುಕಲು 1939-40ರಲ್ಲಿ ಅಲ್ಲಿನ ಕೃಷಿ ಇಲಾಖೆ ಸುಮಾರು 15,000 ಹೆಂಗಸರ ಮೈಯಳತೆ ತೆಗೆಸಿತು. ಒಬ್ಬೊಬ್ಬರಿಂದ 59 ಅಳತೆ. ರೂತ್ ಒಬ್ರಯನ್ ಮತ್ತು ವಿಲಿಯಂ ಶೆಲ್ಟನ್ ಅವರು ಸಿದ್ಧಪಡಿಸಿದ ಈ ವರದಿ 1941ರಲ್ಲಿ ಹೊರಬಂತು. ಕಾರ್ಯ ಶ್ಲಾಘನೀಯವೇ. ಆದರೆ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರ ಅಳತೆಗಳನ್ನು ಮಾತ್ರ. ಈ ಅಳತೆಗಳ ಬುನಾದಿಯ ಮೇಲೆಯೇ 1958ರಲ್ಲಿ ಸರ್ಕಾರದ ಮಾನಕ ಪಟ್ಟಿ ಪ್ರಕಟವಾಯಿತು. ಮುಂದೆ ಅದು ಪರಿಷ್ಕೃತವಾಯಿತು; 1983ರಲ್ಲಿ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಅಲ್ಲಿಂದೀಚೆಗೆ ಪ್ರತಿಯೊಂದು ಕಂಪೆನಿಗೂ ಅದರದೇ ಪಟ್ಟಿ. 1958ರ ಪಟ್ಟಿಯಲ್ಲಿ 8 ಎಂಬ ಸಂಖ್ಯೆಗೆ ಎದೆಯ ಸುತ್ತಳತೆ 31 ಇಂಚು. ಇಂದಿನ ಬಹುತೇಕ ಅಂಗಡಿಗಳಲ್ಲಿ ಆ ಅಳತೆ ಸೊನ್ನೆಗೂ ಕೆಳಗೆ ಬೀಳುತ್ತದೆ. ಹಾಗಾದರೆ ಚೀಟಿಯ ಮೇಲಿನ ಅಂಕೆ ನಮ್ಮ ಮೈಯ ಬಗೆಗೆ ಏನನ್ನು ತಾನೇ ಹೇಳೀತು?

ಎತ್ತರದ ವಿಷಯಕ್ಕೆ ಬರೋಣ. ಅಮೆರಿಕದ ವಯಸ್ಕ ಹೆಂಗಸರ ಸರಾಸರಿ ಎತ್ತರ ಸುಮಾರು 5 ಅಡಿ ಮೂರೂವರೆ ಇಂಚು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ನಮ್ಮ ಹೆಂಗಸರ ಸರಾಸರಿ ಸುಮಾರು 152 ಸೆಂಟಿಮೀಟರ್, ಅಂದರೆ 5 ಅಡಿ. ಇಲ್ಲಿನ ಅಂಗಡಿಗಳು ‘ಪೆಟೀಟ್’ ಎಂದು ಕರೆಯುವುದು 5 ಅಡಿ 4 ಇಂಚು ಅಥವಾ ಅದಕ್ಕಿಂತ ಕಡಿಮೆ ಎತ್ತರದವರನ್ನು. ಅಂದರೆ ಸರಾಸರಿ ಎತ್ತರದ ಕನ್ನಡತಿಯೂ, ಸರಾಸರಿ ಎತ್ತರದ ಅಮೆರಿಕನ್ ಮಹಿಳೆಯೂ ಆ ಗೆರೆಯ ಕೆಳಗೇ ಇದ್ದಾರೆ. ದೇಶದ ಅರ್ಧದಷ್ಟು ಹೆಂಗಸರು ಒಂದು ಗೆರೆಯ ಕೆಳಗಿದ್ದೂ ಅವರ ಬಟ್ಟೆ ಅಂಗಡಿಯ ಮೂಲೆಯಲ್ಲಿ ಒಂದೇ ಗೂಟಕ್ಕೆ ತೂಗುವುದು ವ್ಯಾಪಾರದ ಅಭ್ಯಾಸವೇ ಹೊರತು ಪ್ರಕೃತಿಯ ನಿಯಮವಲ್ಲ. ಪೆಟೀಟ್ ಎಂದರೆ ತೆಳ್ಳಗಿನವರು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದು ಸರಿಯಲ್ಲ, ಈ ಪದ ಎತ್ತರಕ್ಕೆ ಸಂಬಂಧಿಸಿದ್ದು. ಮೈತುಂಬಿಕೊಂಡ ನಮ್ಮ ಅತ್ತೆಯವರಿಗೂ ಪೆಟೀಟ್ ಅಳತೆಯೇ ಸಲ್ಲುತ್ತದೆ.

ಈ ಅಳತೆಯನ್ನು ವ್ಯಾಪಾರಕ್ಕೆ ತಂದ ಕೀರ್ತಿ ಹ್ಯಾನಾ ಟ್ರಾಯ್ ಎಂಬ ಅಮೆರಿಕನ್ ವಿನ್ಯಾಸಕಿಗೆ ಸಲ್ಲುತ್ತದೆ. 1940ರ ದಶಕದಲ್ಲಿ, ಯುದ್ಧಕಾಲದ ಸೇವೆಗೆ ಸೇರಿದ ಹೆಂಗಸರ ಅಳತೆಗಳನ್ನು ಗಮನಿಸಿ, ಬಹಳ ಮಂದಿಗೆ ಭುಜದಿಂದ ನಡುವಿನವರೆಗಿನ ಅಂತರ ಸಿದ್ಧ ಉಡುಪಿನದಕ್ಕಿಂತ ಕಡಿಮೆ ಎಂಬುದನ್ನು ಆಕೆ ಗುರುತಿಸಿದರು. ಕೊರತೆ ಕಾಲಿನಲ್ಲಷ್ಟೇ ಅಲ್ಲ, ಮೇಲುಮೈಯಲ್ಲೂ ಇದೆ ಎಂಬ ಈ ಒಂದು ಕಾಣ್ಕೆಯೇ ಇಡೀ ವಿಷಯದ ಕೀಲಿಕೈ. ನಮ್ಮ ದೇಶದಲ್ಲಿಯೂ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರನ್ನು ಯಂತ್ರದಿಂದ ಅಳೆದು ಭಾರತೀಯರದೇ ಪಟ್ಟಿಯೊಂದನ್ನು ರೂಪಿಸುವ ಯೋಜನೆಯನ್ನು ಕೈಗೊಂಡಿತು. ಇಷ್ಟು ಕಾಲ ನಾವು ಪರರ ಅಳತೆಯ ಅಂಗಿ ತೊಟ್ಟು ನಮ್ಮ ಮೈಯನ್ನೇ ಹಳಿದುಕೊಂಡೆವು.

ಈಗ ಬಟ್ಟೆಯ ಒಳಗುಟ್ಟಿಗೆ ಬರುತ್ತೇನೆ. ಉದ್ದವಾದ ಪ್ಯಾಂಟನ್ನು ಕೆಳಗೆ ಮಡಿಸಿ ಹೊಲಿದರೆ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ನೇರವಾಗಿ ಇಳಿಯುವ ಪ್ಯಾಂಟಿಗೆ ಸಾಕು. ಆದರೆ ಮೊಣಕಾಲಿನ ಬಳಿ ಕಿರಿದಾಗಿ ಕೆಳಗೆ ಅಗಲವಾಗುವ ಪ್ಯಾಂಟಿನಲ್ಲಿ, ಆ ಕಿರಿದಾದ ಭಾಗ ನಮ್ಮ ಮೊಣಕಾಲಿನ ಕೆಳಗೆ, ಮೀನಖಂಡದ ಮೇಲೆ ಬಂದು ಕೂರುತ್ತದೆ. ಕೆಳಗೆ ಕತ್ತರಿಸಿದರೆ ಅಗಲವೂ ಹೋಗಿ, ಫ್ಯಾಷನ್ನೂ ಹೋಗಿ, ಹೆಸರಿಲ್ಲದ ಒಂದು ಆಕಾರ ಉಳಿಯುತ್ತದೆ. ಕೋಟಿನ ವಿಷಯವೂ ಹೀಗೆಯೇ. ತೋಳನ್ನು ಗಿಡ್ಡ ಮಾಡಬಹುದು. ಆದರೆ ನಡು ಹಿಡಿದಿರುವ ಹೊಲಿಗೆ, ಜೇಬಿನ ಸ್ಥಾನ, ಕಂಕುಳ ಸುತ್ತಿನ ಆಳ ಇವೆಲ್ಲ ಎತ್ತರದವರ ಮೈಗೆ ಗುರುತಿಟ್ಟವು. ಆದ್ದರಿಂದ ಅನುಭವಿ ದರ್ಜಿಗಳು ಹೇಳುವ ಸೂತ್ರ ಒಂದೇ: ಭುಜ ಸರಿಯಿದ್ದರೆ ಕೊಳ್ಳಿ, ಭುಜ ಜಾರಿದ್ದರೆ ಬಿಡಿ. ಉದ್ದವನ್ನು ತಿದ್ದುವುದು ಅರ್ಧ ಗಂಟೆಯ ಕೆಲಸ. ಭುಜವನ್ನು ತಿದ್ದುವುದೆಂದರೆ ಕೋಟನ್ನು ಬಿಚ್ಚಿ ಮತ್ತೆ ಹೊಲಿದಂತೆಯೇ. ತೋಳಿನ ತುದಿಯಲ್ಲಿ ನಿಜವಾದ ಕಾಜಾ ಗುಂಡಿಗಳಿದ್ದರೆ ಅದನ್ನೂ ಕೆಳಗಿನಿಂದ ಗಿಡ್ಡ ಮಾಡಲಾಗದು. ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕು.

ಇಲ್ಲೊಂದು ಮಾತು ಹೇಳದೆ ಇರಲಾರೆ. ಗಂಡಸರ ಪ್ಯಾಂಟಿಗೆ ಸೊಂಟ ಒಂದು, ಕಾಲುದ್ದ ಒಂದು, ಹೀಗೆ ಎರಡು ಅಂಕೆ ಇರುತ್ತದೆ. ಹೆಂಗಸರ ಬಹುಪಾಲು ಪ್ಯಾಂಟುಗಳಿಗೆ ಒಂದೇ ಅಂಕೆ. ಸೊಂಟ ತಿಳಿದರೆ ಕಾಲು ತಾನೇ ತಿಳಿಯುತ್ತದೆಂಬಂತೆ! ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದ ಲೀವೈ ಸ್ಟ್ರಾಸ್ ಕಂಪೆನಿ 1873ರಲ್ಲಿ ತಾಮ್ರದ ರಿವೆಟ್ಟಿನ ಪ್ಯಾಂಟಿಗೆ ಪೇಟೆಂಟ್ ಪಡೆದು, ಹೆಂಗಸರ ಜೀನ್ಸನ್ನು ಹೊರತಂದದ್ದು 1934ರಲ್ಲಿ. ಅರವತ್ತು ವರ್ಷಗಳ ನಂತರ ನಮ್ಮ ಸರದಿ ಬಂತು. ಇಂದು ಜೀನ್ಸಿನಲ್ಲಿ ಕಾಲುದ್ದದ ಅಂಕೆಯನ್ನೂ ನಮೂದಿಸುವ ಕಂಪೆನಿಗಳಿವೆ. ಅಂಥವನ್ನೇ ಹುಡುಕಿಕೊಳ್ಳುವುದು ಜಾಣತನ. 5 ಅಡಿಯವರಿಗೆ ಒಳಗಾಲಿನ ಉದ್ದ 26ರಿಂದ 28 ಇಂಚಿನೊಳಗೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಋತುಮಾನದ ಫ್ಯಾಷನ್ನಿಗೆ ಅದರದೇ ಪಂಚಾಂಗವಿದೆ. ನ್ಯೂಯಾರ್ಕಿನಲ್ಲಿ ಫೆಬ್ರವರಿಯ ಪ್ರದರ್ಶನಗಳು ಮುಂಬರುವ ಶರತ್ಕಾಲ ಹಾಗೂ ಚಳಿಗಾಲದ ಉಡುಪನ್ನು ತೋರಿಸುತ್ತವೆ. ಸೆಪ್ಟೆಂಬರಿನವು ಮುಂದಿನ ವಸಂತ ಹಾಗೂ ಬೇಸಗೆಯದನ್ನು. ಅಂಗಡಿಗೂ ಅದೇ ಆತುರ. ಗಿಲ್‌ರಾಯ್‌ನಲ್ಲಿ ಮಧ್ಯಾಹ್ನದ ತಾಪ 90 ಡಿಗ್ರಿ ಮುಟ್ಟುವ ಆಗಸ್ಟಿನಲ್ಲಿ ಗಾಜಿನ ಹಿಂದೆ ಉಣ್ಣೆಯ ಕೋಟು ನಿಂತಿರುತ್ತದೆ. ಆದರೆ ಇಲ್ಲಿನ ಹವೆ ನ್ಯೂಯಾರ್ಕಿನದಲ್ಲ. ಬೇಸಗೆಯಲ್ಲಿ ಹಗಲು ಬಿಸಿ, ಸಂಜೆ ತಂಪು. ಮಳೆ ಬಹುತೇಕ ನವೆಂಬರಿನಿಂದ ಮಾರ್ಚಿನವರೆಗೆ. ಹಿಮವೆಂಬುದು ದೂರದ ಬೆಟ್ಟದ ಮಾತು. ಹೀಗಾಗಿ ಪತ್ರಿಕೆಗಳು ಹೊಗಳುವ ಚಳಿಗಾಲದ ಅರ್ಧ ಉಡುಪು ನಮಗೆ ಬೇಕಾಗುವುದೇ ಇಲ್ಲ. ಬೇಕಾದದ್ದು ತೆಗೆದು ಹಾಕಿಕೊಳ್ಳಬಹುದಾದ ಒಂದು ಮೇಲುಹೊದಿಕೆ. ಅದು ಸೊಂಟದ ಮೂಳೆಯವರೆಗೆ ಬಂದು ನಿಂತರೆ ಕಾಲು ಉದ್ದ ಕಾಣುತ್ತದೆ; ತೊಡೆಯ ನಡುವೆ ನಿಂತರೆ ಮೈ ಎರಡು ಸಮಭಾಗವಾಗಿ ಗಿಡ್ಡ ಕಾಣುತ್ತದೆ. ಮೊಣಕಾಲು ದಾಟುವ ಉದ್ದ ಕೋಟು ಬೇಕೆನಿಸಿದರೆ ಅದರ ಒಳಗಿನ ಉಡುಪೂ ಅದೇ ಬಣ್ಣದ್ದಾಗಿರಲಿ. ಔಟ್‌ಲೆಟ್‌ಗಳಲ್ಲಿ ಕಳೆದ ಋತುವಿನ ಸರಕೂ, ಔಟ್‌ಲೆಟ್‌ಗೆಂದೇ ಹೊಲಿದ ಸರಕೂ ಬೆರೆತಿರುತ್ತವೆ. ಋತು ಹಳೆಯದಾದರೂ ಭುಜ ಹೊಂದಿದರೆ ಅದು ನಮಗೆ ಹೊಸದೇ.

ಬೇಸಗೆಯ ನೆಲಮುಟ್ಟುವ ಗೌನು, ಅಗಲ ಕಾಲಿನ ಪಲಾಜೊ ಇವು ಗಿಡ್ಡಗಿನವರಿಗೆ ಸಲ್ಲವೆಂದು ಪತ್ರಿಕೆಗಳು ಬರೆಯುತ್ತವೆ. ನನಗೆ ಈ ನಿಷೇಧಗಳಲ್ಲಿ ನಂಬಿಕೆಯಿಲ್ಲ. ನೆಲಮುಟ್ಟುವ ಲಂಗವನ್ನು ತಲೆಮಾರುಗಳಿಂದ ಉಟ್ಟ ಹೆಣ್ಣುಮಕ್ಕಳು ನಾವು. ಕಾಲಿನ ಹರಡಿನವರೆಗೆ ನಿಖರವಾಗಿ ಇಳಿದು, ನಡುವಿನ ಗೆರೆ ನಿಜವಾದ ನಡುವಿನಲ್ಲಿದ್ದರೆ ಎಷ್ಟು ಉದ್ದದ ಉಡುಪೂ ಒಪ್ಪುತ್ತದೆ. ಕೆಡಿಸುವುದು ಉದ್ದವಲ್ಲ, ತಪ್ಪಿದ ನಡು.

ಇಂಥದೇ ಇನ್ನೊಂದು ನಂಬಿಕೆ ಪಟ್ಟೆಗಳದು. ಲಂಬ ಪಟ್ಟೆ ಎತ್ತರ ತೋರಿಸುತ್ತದೆ, ಅಡ್ಡ ಪಟ್ಟೆ ದಪ್ಪ ತೋರಿಸುತ್ತದೆ ಎಂಬುದನ್ನು ವೇದವಾಕ್ಯದಂತೆ ಹೇಳುತ್ತಾರೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1867ರಲ್ಲಿಯೇ ಇದಕ್ಕೆ ವಿರುದ್ಧವಾದುದನ್ನು ಬರೆದಿದ್ದಾನೆ: ಅಡ್ಡಗೆರೆಗಳಿಂದ ತುಂಬಿದ ಚೌಕ ಎತ್ತರವಾಗಿಯೂ ಕಿರಿದಾಗಿಯೂ ಕಾಣುತ್ತದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಮ್ಸನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಡುಪಿನ ಮೇಲೂ ಅಡ್ಡ ಪಟ್ಟೆ ದಪ್ಪ ತೋರಿಸುವುದಿಲ್ಲವೆಂದೇ ಕಂಡುಬಂತು. ಕಣ್ಣನ್ನು ತಡೆಯುವುದು ಹಲವು ಸಣ್ಣ ಅಡ್ಡಗೆರೆಗಳಲ್ಲ. ಒಂದೇ ಒಂದು ಬಲವಾದ ತುಂಡು. ಬಿಳಿ ಅಂಗಿ, ಕಪ್ಪು ಪ್ಯಾಂಟು, ನಡುವೆ ಕೆಂಪು ಅಗಲ ಬೆಲ್ಟು ಎಂದರೆ ಮೈ ಮೂರು ಹೋಳಾದಂತೆ.

ಸೀರೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಸೀರೆಗೆ ಅಳತೆಯಿಲ್ಲ, ಎಲ್ಲರಿಗೂ ಒಪ್ಪುತ್ತದೆ ಎಂಬ ಹೆಮ್ಮೆ ನಮಗಿದೆ. ಅರ್ಧ ನಿಜ. ಸೀರೆಯ ಉದ್ದ ಎಷ್ಟಾದರೂ ನೆರಿಗೆಯಲ್ಲಿ ಅಡಗುತ್ತದೆ, ಅಗಲ ಅಡಗುವುದಿಲ್ಲ. ಸೀರೆಯ ಅಗಲ ಸಾಮಾನ್ಯವಾಗಿ 45ರಿಂದ 47 ಇಂಚು. 5 ಅಡಿ ಎತ್ತರದವಳಿಗೆ ನಡುವಿನಿಂದ ನೆಲದವರೆಗೆ ಸುಮಾರು 37 ಇಂಚು. ಉಳಿದ 8-10 ಇಂಚು ಬಟ್ಟೆ ಎಲ್ಲಿಗೆ ಹೋಗಬೇಕು? ಸುತ್ತಲೂ ನಡುವಿನೊಳಗೆ. ಹೊಟ್ಟೆಯ ಮೇಲೆ ಕಾಣುವ ಉಬ್ಬು ಬಹುಪಾಲು ಸೀರೆಯದೇ ಹೊರತು ಉಟ್ಟವಳದಲ್ಲ. ಹಳೆಯ ಕಾಲದ ಕಚ್ಚೆಸೀರೆಯಲ್ಲಿ ಈ ತೊಂದರೆ ಅಷ್ಟಾಗಿರಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸೆಳೆದು ಕಟ್ಟುತ್ತಿದ್ದರು. ಇಳಕಲ್ಲಿನ ನೇಕಾರರು ಆರು, ಎಂಟು, ಒಂಬತ್ತು ಗಜದ ಸೀರೆಗಳನ್ನು ಬೇರೆಬೇರೆಯಾಗಿ ನೇಯುತ್ತಿದ್ದುದರಲ್ಲಿ ಉಡುವವಳ ಕ್ರಮಕ್ಕೆ ತಕ್ಕ ವಿವೇಚನೆಯಿತ್ತು.

ಉಪಾಯ ಸರಳ. ಒಳಲಂಗವನ್ನು ಅಂಗಡಿಯ ಅಳತೆಗೆ ಬಿಡದೆ, ಚಪ್ಪಲಿ ಮೆಟ್ಟಿ ನಿಂತು, ನೆಲದಿಂದ ಅರ್ಧ ಇಂಚು ಮೇಲಕ್ಕೆ ಹೊಲಿಸಿ. ಸೀರೆಯ ಮೇಲಂಚನ್ನು ಮೊದಲ ಸುತ್ತಿಗೆ ಮುನ್ನವೇ ಒಳಗಡೆಗೆ ಸಮವಾಗಿ ಒಂದು ಮಡಿಕೆ ಮಡಿಸಿಕೊಂಡು ಅನಂತರ ಸಿಕ್ಕಿಸಿ. ಕೈಗೆ ಬಂದಂತೆ ತುರುಕಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡಿಯೇ ಹೇಳುತ್ತದೆ. ನೆರಿಗೆ ಕಿರಿದಾಗಿರಲಿ, ನಾಲ್ಕು ಇಂಚಿನಷ್ಟು, ಎಣಿಕೆ ಕಡಿಮೆಯಿರಲಿ. ಇನ್ನು ದೊಡ್ಡ ಅಂಚು ಗಿಡ್ಡಗಿನವರಿಗೆ ಸಲ್ಲದೆಂಬ ಮಾತು. ಲೆಕ್ಕ ಹಾಕಿ ನೋಡೋಣ. 8 ಇಂಚಿನ ಅಂಚು 37 ಇಂಚಿನ ಇಳಿತದಲ್ಲಿ ನೂರಕ್ಕೆ 22 ಪಾಲು. ಎತ್ತರದವಳ 42 ಇಂಚಿನಲ್ಲಿ 19 ಪಾಲು. ಮೂರು ಪಾಲಿನ ವ್ಯತ್ಯಾಸಕ್ಕೆ ಇಷ್ಟು ಅಪವಾದವೇ? ನಿಜವಾದ ತೊಡಕು ಇರುವುದು ಭುಜದ ಮೇಲೆ. ಸೆರಗಿನ ಮಡಿಕೆಯ ಅಗಲವನ್ನು ಸಾಮಾನ್ಯವಾಗಿ ಅಂಚೇ ನಿರ್ಧರಿಸುತ್ತದೆ. ಎಂಟು ಇಂಚಿನ ಮಡಿಕೆ ಕಿರಿಯ ಭುಜದಿಂದ ಜಾರಿ ತೋಳನ್ನೆಲ್ಲ ಮುಚ್ಚುತ್ತದೆ. ಆದುದರಿಂದ ದೊಡ್ಡ ಅಂಚಿನ ಮೇಲೆ ಆಸೆಯಿದ್ದವರು ಒಂದು ಬದಿ ಚಿಕ್ಕದು, ಒಂದು ಬದಿ ದೊಡ್ಡದು ಇರುವ ಸೀರೆಯನ್ನು ಆರಿಸಿ, ಚಿಕ್ಕ ಅಂಚಿನ ಅಳತೆಗೆ ಸೆರಗನ್ನು ಮಡಿಸಿಕೊಳ್ಳಬಹುದು.

ನೂಲಿನ ಗುಣವನ್ನೂ ನೋಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಕಾರ್ಖಾನೆಯಿಂದ ಬರುವ ಮೈಸೂರು ಕ್ರೇಪ್ ರೇಷ್ಮೆಯಲ್ಲಿ ನೂಲನ್ನು ಬಿಗಿಯಾಗಿ ಹುರಿಗೊಳಿಸಿರುತ್ತಾರೆ; ಆದ್ದರಿಂದ ಬಟ್ಟೆ ಸೆಟೆದು ನಿಲ್ಲದೆ ಮೈಗೆ ಹೊಂದಿ ಇಳಿಯುತ್ತದೆ. ಒಂದೇ ಬಣ್ಣದ ಮೈ, ಕಿರಿದಾದ ಜರಿಯಂಚು: ಗಿಡ್ಡಗಿನವರಿಗೆಂದೇ ಯಾರೋ ಯೋಚಿಸಿ ಮಾಡಿದಂತಿದೆ. ದಸರೆ, ದೀಪಾವಳಿ, ರಾಜ್ಯೋತ್ಸವಗಳು ಸಾಲಾಗಿ ಬರುವ ಶರತ್ಕಾಲಕ್ಕೆ ಇದಕ್ಕಿಂತ ಒಪ್ಪುವುದು ಬೇರೆ ಕಾಣೆ. ಇಲ್ಲಿನ ಬೇಸಗೆಗೆ ಉಡುಪಿಯ ತೆಳುವಾದ ಹತ್ತಿ ಸೀರೆ. ಇಳಕಲ್ ಸೀರೆಯ ಕೆಂಪು ಸೆರಗಿನ ಬಿಳಿಯ ತೋಪತೆನೆ ಬೆನ್ನ ಮೇಲೆ ಕಾಣಬೇಕಾದ ಅಲಂಕಾರ. ಸೆರಗನ್ನು ಮೊಣಕಾಲಿನಿಂದ ಕೆಳಗೆ ಇಳಿಬಿಟ್ಟರೆ ಅದು ನಡೆಯುವಾಗ ಕಾಲಿನ ಹಿಂದೆ ಬಡಿಯುತ್ತಿರುತ್ತದೆ. ಸ್ವಲ್ಪ ಮೇಲಕ್ಕೆ ನಿಲ್ಲಿಸಿ.

ಸಿದ್ಧ ಕುರ್ತಾಗಳಲ್ಲಿ ಜನ ಉದ್ದವನ್ನು ಮಾತ್ರ ನೋಡುತ್ತಾರೆ. ನೋಡಬೇಕಾದದ್ದು ಪಕ್ಕದ ಸೀಳು. ಎತ್ತರದವರ ಸೊಂಟಕ್ಕೆ ಗುರುತಿಟ್ಟ ಸೀಳು ನಮಗೆ ತೊಡೆಯ ಮೇಲೆ ಆರಂಭವಾಗಿ, ಕಾರು ಹತ್ತುವಾಗ ಬಿಗಿಯುತ್ತದೆ. ಎರಡು ಇಂಚು ಬಿಚ್ಚಿ ಅಂಚು ಕಟ್ಟಿದರೆ ಆಯಿತು. ಇಲ್ಲಿ ನಮ್ಮ ಊರಿನ ದರ್ಜಿಗೂ ಕಾರ್ಖಾನೆಗೂ ಇರುವ ದೊಡ್ಡ ಅಂತರವನ್ನು ಗಮನಿಸಬೇಕು. ನಮ್ಮ ದರ್ಜಿ ರವಿಕೆಯ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು ಹೊಲಿಯುತ್ತಾನೆ. ಬಾಣಂತನವಾಗಲಿ, ವಯಸ್ಸಾಗಲಿ, ಬಿಚ್ಚಿ ಸಡಿಲಿಸಬಹುದು. ಕಾರ್ಖಾನೆಯ ಬಟ್ಟೆಯಲ್ಲಿ ಒಳಗೆ ಉಳಿಯುವುದು ಕಾಲು ಇಂಚು. ಅದನ್ನು ಕಿರಿದು ಮಾಡಬಹುದಲ್ಲದೆ ಹಿಗ್ಗಿಸಲಾಗದು. ಹುಡುಗಿಯರ ಉದ್ದಲಂಗದ ಕೆಳಗೆ ನಮ್ಮ ಅಜ್ಜಿಯರು ಎರಡು ಮೂರು ಮಡಿಕೆ ಹಿಡಿದು, ವರ್ಷಕ್ಕೊಂದು ಬಿಚ್ಚುತ್ತಿದ್ದುದು ನೆನಪಿದೆಯಲ್ಲವೆ? ಬಟ್ಟೆ ಮೈಯನ್ನು ಕಾಯುತ್ತಿದ್ದ ಕಾಲ ಅದು.

ಮಕ್ಕಳ ವಿಭಾಗದಲ್ಲಿ ಕೊಂಡರೆ ಅಗ್ಗವಲ್ಲವೆ ಎಂಬ ಪ್ರಶ್ನೆಗೆ ಉತ್ತರ ಹೀಗಿದೆ. ಮಳೆಯ ಜಾಕೆಟ್, ಉಣ್ಣೆಯ ಟೋಪಿ, ಸಾದಾ ಸ್ವೆಟರ್ ಧಾರಾಳವಾಗಿ ಕೊಳ್ಳಿ. ಆದರೆ ಎದೆ, ಸೊಂಟಗಳ ತಿರುವಿಲ್ಲದೆ ಹೊಲಿದ ಆ ಕೋಟನ್ನು ತೊಟ್ಟು ಕೆಲಸದ ಸಂದರ್ಶನಕ್ಕೆ ಹೋಗುವುದು ಬೇಡ. ಎದುರಿಗೆ ಕುಳಿತವರು ಅಳೆಯಬೇಕಾದದ್ದು ಅವಳ ವಿದ್ಯೆಯನ್ನು. ಎಳೆದು ಎಳೆದು ಸರಿಪಡಿಸಿಕೊಳ್ಳುವ ತೋಳನ್ನಲ್ಲ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ನಮ್ಮಲ್ಲಿ ಗಾದೆಯಿದೆ. ಹದಿಹರೆಯದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಈ ಗಾದೆಯನ್ನು ಸ್ವಲ್ಪ ಮೆಲುದನಿಯಲ್ಲಿ ಹೇಳುವುದು ಮೇಲು. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದು, ಗೆಳತಿಯರ ಅಂಗಡಿಯಲ್ಲಿ ತನಗೊಂದೂ ಸಿಗದೆ ಬರುವ ಹುಡುಗಿಗೆ ಪರರ ಇಚ್ಛೆಯ ಭಾರ ಆಗಲೇ ಸಾಕಷ್ಟಿದೆ. ಎತ್ತರ ಹೆಚ್ಚಿಸುವ ಹಿಮ್ಮಡಿಯ ಚಪ್ಪಲಿ ಕೊಡಿಸುವುದಕ್ಕಿಂತ ಅವಳ ಜೀನ್ಸಿನ ಮೂಲ ಅಂಚನ್ನು ಉಳಿಸಿಕೊಂಡು ಗಿಡ್ಡ ಮಾಡಿಸಿಕೊಡಿ. ಡ್ರೈಕ್ಲೀನರ್ ಅಂಗಡಿಗಳಲ್ಲಿ ಕುಳಿತಿರುವ ದರ್ಜಿಗಳು ಅನೇಕರು ಈ ಕೆಲಸ ಬಲ್ಲರು.

ಕೊನೆಯದಾಗಿ ಊರಿನಿಂದ ಬರುವ ತಾಯಂದಿರ ಮಾತು. ಡಿಸೆಂಬರಿನಲ್ಲಿ ಬಂದಿಳಿದವರಿಗೆ ಮನೆಯಲ್ಲಿದ್ದ ಯಾವುದೋ ದೊಡ್ಡ ಕೋಟು ಹೊದಿಸುತ್ತೇವೆ. ತೋಳು ಬೆರಳನ್ನು ಮುಚ್ಚಿದರೆ ಮೆಟ್ಟಿಲಿನ ಕೈಪಿಡಿ ಹಿಡಿಯಲಾಗದು. ಕೋಟಿನ ಕೆಳಗಿನಿಂದ ಇಣುಕುವ ಸೀರೆ ಮಳೆಯ ನೀರಿನಲ್ಲಿ ನೆನೆದು ಭಾರವಾಗಿ ಕಾಲಿಗೆ ಸಿಕ್ಕುತ್ತದೆ. ವಯಸ್ಸಾದವರ ಬೀಳುವಿಕೆ ಎಂಥದೆಂಬುದನ್ನು ಇಲ್ಲಿರುವ ವೈದ್ಯಮಿತ್ರರು ನನಗಿಂತ ಚೆನ್ನಾಗಿ ಬಲ್ಲರು. ಅವರು ವಿಮಾನ ಹತ್ತುವ ಮೊದಲೇ ಊರಿನಲ್ಲಿರುವವರಿಂದ ಐದು ಅಳತೆ ತರಿಸಿಕೊಳ್ಳಿ: ಒಂದು ಭುಜದ ತುದಿಯಿಂದ ಇನ್ನೊಂದಕ್ಕೆ, ಕತ್ತಿನ ಹಿಂದಿನ ಮೂಳೆಯಿಂದ ನಡುವಿಗೆ, ಭುಜದಿಂದ ಮಣಿಕಟ್ಟಿಗೆ, ಎದೆಯ ಸುತ್ತು, ನಡುವಿನಿಂದ ನೆಲಕ್ಕೆ. ಟೇಪನ್ನು ಬಿಗಿಯದೆ, ರವಿಕೆಯ ಮೇಲಿನಿಂದಲೇ ತೆಗೆಯಬೇಕು. ಚಳಿಯ ಕೋಟಿನ ಎದೆಯ ಸುತ್ತು ಅದಕ್ಕಿಂತ ನಾಲ್ಕು ಇಂಚು ಹೆಚ್ಚಿರಲಿ, ಒಳಗೆ ಸ್ವೆಟರ್ ಹಿಡಿಯಬೇಕಲ್ಲ. ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಬನ್ನಿ, ಪೆಟೀಟ್ ಗೂಟದಿಂದಲೇ ಆರಂಭಿಸಿ. ಅಮ್ಮ ಬಂದಿಳಿಯುವ ದಿನ ಅವರ ಅಳತೆಯ ಕೋಟು ಕಾರಿನಲ್ಲಿ ಸಿದ್ಧವಾಗಿರಲಿ.